ಎರಡು ಬೆರಳಗಲ

ಡಾಕ್ಟರು ಟೇಪು ತೆಗೆದು ಮುದುಕನ ಎಡಗಾಲಿನ ಮೀನಖಂಡಕ್ಕೆ ಸುತ್ತಿದರು. ಆಮೇಲೆ ಬಲಗಾಲಿಗೆ. ಪಕ್ಕದಲ್ಲಿ ನಿಂತಿದ್ದ ಹೆಂಡತಿಗೆ ಆ ಅಳತೆ ಹೇಳಬೇಕಾಗಿರಲಿಲ್ಲ. ತಲೆ ನರೆಯುವವರೆಗೂ ಹೊಲಿಗೆ ಮೆಷಿನ್ ತುಳಿದವಳು. ಎಡಗಾಲು ಎರಡು ಬೆರಳಗಲ ಹೆಚ್ಚೆಂದು ಅವಳಿಗೆ ಮೊದಲೇ ಗೊತ್ತಿತ್ತು.

"ಸೊಂಟದ ಆಪರೇಶನ್ ಆಗಿ ಮಲಗೇ ಇದ್ದವರಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋದುಂಟು ಅಮ್ಮ. ಈಗ ಉಸಿರೂ ಕಟ್ತಿದೆ. ಒಂದು ತುಣುಕು ಶ್ವಾಸಕೋಶಕ್ಕೆ ಹೋಗಿರಬಹುದು, ಸ್ಕ್ಯಾನ್ ಮಾಡ್ಬೇಕು. ಈ ಬಾವು ಯಾವಾಗಿಂದ?"

"ಹೋದ ವಾರದಿಂದ."

"ಆಗಲೇ ಯಾಕೆ ಕರ್ಕೊಂಡು ಬರ್ಲಿಲ್ಲ?"

ಏನಂತ ಹೇಳುವುದು? ಮುದುಕ ಹುಟ್ಟು ಗೊಣಗ. ಸೊಳ್ಳೆ ಕಚ್ಚಿದರೂ ಹಾವು ಕಚ್ಚಿತೆಂದು ಮನೆ ಎಬ್ಬಿಸುವವನು. "ಕಾಲು ಸಿಡೀತಿದೆ ಕಣೇ" ಎಂದಾಗ, "ಕತ್ತರಿ ಹಾಕಿದ್ಮೇಲೆ ನೋಯದೆ ಇರುತ್ತೇನ್ರೀ? ಸುಮ್ನೆ ಮಲ್ಕೊಳ್ಳಿ" ಎಂದು ಗದರಿದ್ದಳು. "ಪೈಜಾಮ ಎಡಗಾಲಿಗೆ ಬಿಗಿ" ಎಂದದ್ದು ಮಾತ್ರ ಕಿವಿಗೆ ಬಿದ್ದಿತ್ತು. ಅದು ಅವಳ ಕಸುಬಲ್ಲವೇ! ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆ ಬಿಟ್ಟು, ಎಡಗಾಲನ್ನಷ್ಟೇ ಎರಡು ಬೆರಳಗಲ ಸಡಿಲಿಸಿ ಕೊಟ್ಟಿದ್ದಳು. ಮುದುಕ ತೊಟ್ಟುಕೊಂಡು, "ಟೈಲರಮ್ಮನ್ನ ಕಟ್ಕೊಂಡಿದ್ದಕ್ಕೂ ಸಾರ್ಥಕ ಆಯ್ತು" ಎಂದು ನಕ್ಕಿದ್ದ. ಅವಳೂ ಬೀಗಿದ್ದಳು. ಒಂದೇ ಕಾಲು ಯಾಕೆ ದಪ್ಪವಾಯಿತೆಂದು ಇಬ್ಬರೂ ಕೇಳಲಿಲ್ಲ.

ಸ್ಟ್ರೆಚರ್ ತಳ್ಳಿಕೊಂಡು ಹೋಗುವಾಗ, "ರೀ, ಇಲ್ಲೇ ಇರ್ತೀನಿ" ಎಂದಳು. ಆಕ್ಸಿಜನ್ ಮಾಸ್ಕಿನೊಳಗಿಂದ ಅವನು ಏನೋ ಹೇಳಿದ, ಕೇಳಿಸಲಿಲ್ಲ. ದೇವರೇ, ಇನ್ನೊಂದು ಸಲ ಅವನು ಗೊಣಗಲಿ, ಮೆಷಿನ್ ನಿಲ್ಲಿಸಿ ಕೂತು ಪೂರ್ತಿ ಕೇಳುತ್ತೇನೆ.

ಸ್ವಲ್ಪ ಹೊತ್ತಿಗೆ ನರ್ಸು ಹೊರಗೆ ಬಂದಳು.

"ಔಷಧಿ ಶುರು ಮಾಡಿದಾರೆ ಅಮ್ಮ. ಈಗಲೇ ಏನೂ ಹೇಳೋಕಾಗಲ್ಲ." ಮುದುಕಿಯ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಒಳಗೆ ಬಿಚ್ಚಿಸಿದ್ದ ಪೈಜಾಮವನ್ನು ಅವಳ ಕೈಗಿಡುತ್ತಾ ಮಾತು ಬದಲಿಸಿದಳು. "ಅಲ್ಲಾ, ಇದರ ಒಂದು ಕಾಲು ಅಗಲ, ಇನ್ನೊಂದು ಕಾಲು ಸಣ್ಣ! ಯಾರು ಹೊಲಿದಿದ್ದು? ಸ್ವಲ್ಪ ನೋಡ್ಕೊಂಡು ಹೊಲಿಯೋದಲ್ವಾ?"

ಮುದುಕಿ ಪೈಜಾಮವನ್ನು ಎದೆಗೆ ಒತ್ತಿಕೊಂಡಳು.

"ನೋಡ್ಕೊಂಡೇ ಹೊಲಿದಿದ್ದು ಕಣಮ್ಮ."