ಇನ್ನೊಂದು ಡಿಗ್ರಿ

"ಇನ್ನೂ ಆಗ್ಲಿಲ್ವಾ?" ಲ್ಯಾಬಿನ ಬಾಗಿಲಲ್ಲಿ ಅಣ್ಣ ಮತ್ತೆ ತಲೆ ತೂರಿಸಿದ.

"ಆಚೆ ಕೂತ್ಕೋ ಅಂದ್ನಲ್ಲ." ತಂಗಿ ಸಿಡುಕಿದಳು.

ಅವನ ಹೆಂಡತಿಯನ್ನು ಕೊಂದ ಕಾಯಿಲೆ ಮಗಳಿಗೂ ಇಳಿದು ಬಂದಿದೆಯೇ ಎಂದು ನೋಡಬೇಕಿತ್ತು. ಬೇರೆಯವರ ಕೈಗೆ ಕೊಡಲು ಅಣ್ಣ ಒಪ್ಪಿರಲಿಲ್ಲ. ಹುಡುಗಿಯ ಡಿಎನ್‌ಎಯಲ್ಲಿ ಕಾಯಿಲೆಯ ತುಣುಕು ಇದ್ದರೆ ಯಂತ್ರ ಅದನ್ನು ಲಕ್ಷಗಟ್ಟಲೆ ನಕಲು ಮಾಡುತ್ತದೆ. ನಕಲುಗಳನ್ನು ಹರಿಸಿ ನೋಡುವ ಜೆಲ್ ಪದರದ ಮೇಲೆ ಅದೊಂದು ಬಿಳಿ ಗೆರೆಯಾಗಿ ಕಾಣುತ್ತದೆ. ಬೆಳಿಗ್ಗೆಯ ಜೆಲ್‌ನಲ್ಲಿ ಒಂದಲ್ಲ, ಗೆರೆಗಳ ಸಂತೆಯೇ ನೆರೆದಿತ್ತು. ಬಿಸಿ ಸಾಲದಿದ್ದರೆ ಹೀಗೇ. ತುಣುಕನ್ನು ಹುಡುಕುವ ಪ್ರೈಮರ್ ಸಿಕ್ಕಸಿಕ್ಕಲ್ಲಿ ಅಂಟಿಕೊಳ್ಳುತ್ತದೆ. ಬಿಸಿ ಏರಿಸಿದರೆ ಸರಿಯಾದ ಜಾಗದಲ್ಲಿ ಮಾತ್ರ ನಿಲ್ಲುತ್ತದೆ.

ಏರಿಸಿದಳು. ಬೇಡದ ಗೆರೆಗಳೆಲ್ಲ ಹೋದವು. ಒಂದು ಉಳಿಯಿತು, ಕಾಯಿಲೆಯ ಗೆರೆ ಬರುವ ಜಾಗದಲ್ಲೇ.

ಪಳಗಿದ ಕೈ ಅವಳದು, ಆದರೆ ಮನೆಯ ಮಗುವಿನ ವಿಷಯಕ್ಕೆ ಬಂದರೆ ಬುದ್ಧಿ ಮಾತು ಕೇಳುವುದಿಲ್ಲ. ಇದೂ ಸುಳ್ಳು ಗೆರೆಯೇ ಇರಬೇಕು ಎಂದುಕೊಂಡು ಇನ್ನೊಂದು ಡಿಗ್ರಿ ಏರಿಸಿದಳು. ಗೆರೆ ಮಸುಕಾಯಿತು. ಮಸುಕಾಯಿತಲ್ಲ ಎಂದು ಜೀವ ಬಂತು, ಮತ್ತೆ ಏರಿಸಿದಳು. ಯಂತ್ರ ಮುಗಿಸುವವರೆಗೆ ಕೂರಲಾಗದೆ, ನಿಲ್ಲಲಾಗದೆ, ತೊಳೆದಿಟ್ಟ ಗಾಜಿನ ಸಾಮಾನುಗಳನ್ನೇ ಮತ್ತೆ ತೊಳೆದಳು.

ಸಂಜೆಯ ಜೆಲ್ ಖಾಲಿ ಇತ್ತು. ಬಾಗಿಲ ಗಾಜಿನಾಚೆ ನಿಂತಿದ್ದ ಅಣ್ಣನಿಗೆ ಏನೂ ಇಲ್ಲ ಎಂದು ಎರಡೂ ಕೈ ಆಡಿಸಿದಳು. ಅವನು ಬೆಂಚಿನ ಮೇಲೆ ಕುಸಿದು ಕೂತು, ಕಣ್ಣೊರೆಸಿಕೊಂಡು, ಫೋನ್ ತೆಗೆದ.

ಲ್ಯಾಬಿನ ಹಿರಿಯ ಮೇಡಂ ಬಂದು ಜೆಲ್ ಚಿತ್ರದ ಮೇಲೆ ಬಗ್ಗಿದರು. "ಎಲ್ಲಿವರೆಗೆ ಏರಿಸಿದ್ಯಮ್ಮಾ?"

"ಗೆರೆ ಹೋಗೋವರೆಗೂ."

"ಗೆರೆ ಬಂದೇ ಬರ್ಬೇಕಾದ ಸ್ಯಾಂಪಲ್ ಒಂದನ್ನ ಜೊತೆಗೆ ಹಾಕ್ತೀವಲ್ಲ, ಅದೆಲ್ಲಿ?"

ಅವಳು ಮೊದಲ ಸಾಲಿಗೆ ಬೆರಳು ತೋರಿಸಿದಳು. ಅಲ್ಲೂ ಬರೀ ಕಪ್ಪು; ಬಿಸಿ ಅತಿಯಾಗಿ ಪ್ರೈಮರ್ ಎಲ್ಲೂ ಅಂಟಿರಲಿಲ್ಲ. ಬೆರಳು ಅಲ್ಲೇ ನಿಂತುಬಿಟ್ಟಿತು.

"ಯಾರದ್ದಿದು?"

"ಅತ್ತಿಗೇದು. ಫ್ರೀಜರಲ್ಲಿ ಉಳಿದಿತ್ತು."

"ಹಾಗಾದ್ರೆ ಅವರಿಗೂ ಕಾಯಿಲೆ ಇರ್ಲಿಲ್ಲ ಅನ್ನು."

ತಂಗಿ ಓಡಿಹೋಗಿ ಗಾಜು ಬಡಿದಳು. ಅಣ್ಣ ನಗುನಗುತ್ತಲೇ ಬಾಗಿಲು ತೆರೆದು ಫೋನ್ ಚಾಚಿದ.

"ತಗೋ, ನಾನು ಹೇಳಿದ್ರೆ ನಂಬ್ತಿಲ್ಲ ಮಗಳು. ಅತ್ತೆ ಬಾಯಿಂದಾನೇ ಕೇಳ್ಬೇಕಂತೆ."