ಸೆರಗಿನ ಮುದ್ದೆ

ಮಲ್ಲಿಗಮ್ಮ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಅರ್ಧ ಮುದ್ದೆಯನ್ನು ಗೌಡರ ಹೆಂಡತಿ ನಂಜಮ್ಮ ಬಿಚ್ಚಿಸಿ, ಅವಳ ಕೈಯಿಂದಲೇ ನಾಯಿಗೆ ಹಾಕಿಸಿದಳು. ನಾಯಿ ಮೂಸಿ ನೋಡಿ ಅತ್ತ ಹೋಯಿತು. ಗೌಡರ ಮನೆಯ ನಾಯಿ. ಸಾರಿಲ್ಲದೆ ಮುದ್ದೆ ಮುಟ್ಟುವುದಿಲ್ಲ.

ಕಟ್ಟಳೆ ಹೊಸದೇನಲ್ಲ. ನಾಟಿಗೆ ಬಂದ ಕೇರಿಯ ಹೆಂಗಸರು ಮಧ್ಯಾಹ್ನ ಕೊಟ್ಟಿಗೆಯ ಮುಂದೆ ಸಾಲಾಗಿ ಕೂರಬೇಕು. ನಂಜಮ್ಮ ಸೊಂಟದೆತ್ತರದಿಂದ ಎಲೆಗೆ ಮುದ್ದೆ ಬೀಳಿಸಿ, ಮೇಲಿಂದಲೇ ಸಾರು ಸುರಿದು, ಜಗಲಿಯ ಮೇಲೆ ಕೂತು ಅವರ ಗಂಟಲುಗಳನ್ನು ಕಾಯುತ್ತಾಳೆ. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವುದು. ನುಂಗಿದರೆ ಗಂಟಲಲ್ಲಿ ಕಾಣುತ್ತದೆ. ಕೊಟ್ಟದ್ದನ್ನು ಅಲ್ಲೇ ಉಣ್ಣಬೇಕು. ಕೇರಿಗೆ ಒಂದು ತುತ್ತು ಹೋದರೂ ಮುದ್ದೆಯ ಬಲ ನಾಟಿಗೆ ಬಾರದೆ ಮಕ್ಕಳ ಪಾಲಾಗುತ್ತದೆ.

“ಎತ್ತಿಗಾಕಿದ್ ಉಲ್ಲ ಎತ್ತೇ ತಿಂತದೆ. ಕರೂಗೆ ಅಂತ ಕೊಂಬಿಗೆ ಕಟ್ಕಂಡೋಯ್ತದೇನೇ?” ಎಂದಳು ನಂಜಮ್ಮ.

ಮಲ್ಲಿಗಮ್ಮ ಖಾಲಿ ಸೆರಗು ಕೊಡವಿದಳು. “ಎತ್ತಿಗೆ ಕರ ಎಲ್ಲಿಂದ ಬಂದಾದವ್ವಾ? ಬೀಜ ಒಡ್ಸೇ ಅಲ್ವಾ ನೀವು ಗೇಯಿಸ್ಕಳಾದು?”

ಸಾಲಿನಲ್ಲಿದ್ದ ಶಿವಗಂಗಮ್ಮನಿಗೆ ತುತ್ತು ನೆತ್ತಿಗೆ ಹತ್ತಿತು. ಉಳಿದವರು ಸೆರಗು ಬಾಯಿಗೆ ತುರುಕಿಕೊಂಡು ಭುಜ ಕುಣಿಸಿದರು. ನಂಜಮ್ಮ ಜಗಲಿಯಿಂದ ಎದ್ದೇ ನಿಂತಳು. “ಬಾಯಿ ಬಲ್ತದೆ ಕಣೇ ನಿಂದು. ನಾಳೆ ಏನಾರ ಸೆರಗಲ್ಲಿ ಗಂಟು ಕಂಡ್ರೆ, ಕೂಲಿಗೂ ಬರ್ಬ್ಯಾಡ.”

ಕೂಲಿಯ ರಾಗಿ ಅಳೆಯುವುದು ನಾಟಿಯೆಲ್ಲ ಮುಗಿದ ಮೇಲೆ. ಮಲ್ಲಿಗಮ್ಮನ ಗಂಡ ಗುಂಡಯ್ಯ ಕೊಡಗಿನ ಕಾಫಿ ತೋಟದಲ್ಲಿ, ಅಲ್ಲಿ ಕೊಟ್ಟ ಗಂಜಿ ಕುಡಿದುಕೊಂಡಿದ್ದ. ಐದು ವರ್ಷದ ಮಗಳು ಸಣ್ಣಕ್ಕನಿಗೆ ಅಡುಗೆಮನೆ ಎಂದರೆ ಅವ್ವನ ಸೆರಗು. ಆ ಸಂಜೆ ಅದು ಗಂಟಿಲ್ಲದ ಸೆರಗನ್ನು ಹಿಂದೆ ಮುಂದೆ ತಿರುಗಿಸಿ, ಬಟ್ಟೆಗೆ ಅಂಟಿದ್ದನ್ನು ಚೀಪಿ, “ಬರೀ ಉಪ್ನೇ ತಂದಿದ್ದೀಯಲ್ಲವ್ವ” ಎಂದಿತು.

ಮರುದಿನ ಮಲ್ಲಿಗಮ್ಮ ಸಣ್ಣಕ್ಕನನ್ನೂ ಕರೆದುಕೊಂಡು ಬಂದಳು. ಮಧ್ಯಾಹ್ನ ಸಾಲಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ತನ್ನ ಎಲೆಗೆ ಬಿದ್ದ ಮುದ್ದೆಯನ್ನು ಮಗಳ ಮುಂದಕ್ಕೆ ಸರಿಸಿದಳು.

“ಇದ್ಯಾವ್ದೇ ಇದು?” ಎಂದಳು ನಂಜಮ್ಮ.

“ನಿಮ್ ಮಾತೇ ನಡ್ಸಿವ್ನಿ ಕಣ್ರವ್ವಾ. ಮುದ್ದೆ ಅಂಗಳ ದಾಟಿಲ್ಲ. ಒಟ್ಟೆನೇ ಅಂಗಳಕ್ಕೆ ಬಂದೈತೆ.”

“ಇದೇನು ಛತ್ರ ಅನ್ಕಂಡ್ಯಾ? ಎಬ್ಬಿಸಿ ಕಳ್ಸು ಮೊದ್ಲು.”

“ನಿಮ್ ಮಗ ದೇವರಾಜಪ್ನೋರು ಆಸನದ್ ಕಾಲೇಜ್ನಾಗೆ ಓದ್ತಾ ಅವ್ರೆ. ಓಟ್ಲೂಟ ಒಗ್ಗಕಿಲ್ಲ ಅಂತ ದಿನಾ ಅವ್ರೂಟ ಕ್ಯಾರಿಯರ್‌ನಾಗೆ ಬಸ್ಸತ್ತಿ ಓಯ್ತದೆ. ಸಾರು ತುಳುಕ್ದಂಗೆ ಕಂಡಕ್ಟ್ರು ಮಗೀನಂಗೆ ತೊಡೆ ಮ್ಯಾಲೆ ಮಡಿಕ್ಕಂಡೋಯ್ತಾನೆ. ನನ್ ಮಗೀನ್ ಮುದ್ದೆಗೆ ಬಸ್ಸಿಲ್ಲ ಕಣ್ರವ್ವಾ. ಅದ್ಕೇ ಮಗಾನೇ ನಡ್ಕಂಡ್ ಬತ್ತು.”

“ಏನೂಂದ್ರೆ! ಬನ್ನಿ ಇಲ್ಲಿ! ಇವಳ ನಾಲ್ಗೆ ಕೇಳ್ಬನ್ನಿ!”

ರಂಗಸ್ವಾಮಿಗೌಡರು ಟೋಪಿ ಸರಿಮಾಡಿಕೊಳ್ಳುತ್ತಾ ಬಂದರು. ಪಂಚಾಯ್ತಿ ಚೇರ್ಮನ್ ಆದಂದಿನಿಂದ ಅವರು ಕೊಟ್ಟಿಗೆಗೂ ಗಾಂಧಿ ಟೋಪಿ ಹಾಕಿಕೊಂಡೇ ಬರುತ್ತಿದ್ದರು, ಎಮ್ಮೆಗಳಿಗೂ ವೋಟಿತ್ತೋ ಏನೋ. ಅವರ ಗದ್ದೆಗೆ ನಾಲೆ ನೀರಿನ ಸರದಿ ಸಂಜೆಗೆ ಮುಗಿಯುವುದಿತ್ತು. ಕಿತ್ತ ಪೈರಿನ ಕಟ್ಟುಗಳು ಬದುವಿನ ಮೇಲೆ ಬಾಡುತ್ತಿದ್ದವು. ಅವರು ಹೆಂಡತಿಯ ಮುಖ ನೋಡಿದರು, ಗದ್ದೆಯ ಕಡೆ ನೋಡಿದರು, ಗದ್ದೆಯೇ ಗೆದ್ದಿತು.

“ಆಳಾಗೋಗ್ಲಿ, ಇವತ್ತೊಂದಿನ ತಿನ್ಲಿ ಬಿಡು. ಏ ಮಲ್ಲಿ, ಬೇಗ ನುಂಗ್ಸಿ ಗದ್ದೆಗೆ ನಡಿ. ನಾಳೆ ಈ ಸಂತೆಯೆಲ್ಲಾ ಕಟ್ಕಂಡ್ ಬರ್ಬ್ಯಾಡ.”

ಸಣ್ಣಕ್ಕ ಎರಡೂ ಕೈಯಿಂದ ಮುದ್ದೆಯನ್ನು ಬಾಚಿತು. ಬಾಚಿದ್ದೇ ತಡ, ಚೀರಿ ಹಿಂದಕ್ಕೆ ಬಿತ್ತು. ಹುಟ್ಟಿದಾಗಿನಿಂದ ಅದು ಕಂಡಿದ್ದೆಲ್ಲ ಸೆರಗಿನಲ್ಲಿ ಕೂತು ತಣ್ಣಗೆ ಗಟ್ಟಿಯಾದ ಮುದ್ದೆ. ಮುದ್ದೆ ಸುಡುತ್ತದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

“ಅವ್ವಾ, ಇದು ಕಚ್ತದೆ!” ಎಂದಿತು ಬೆರಳು ಬಾಯಲ್ಲಿಟ್ಟುಕೊಂಡು.

ಅಷ್ಟರಲ್ಲಿ ಉಳಿದ ಹೆಂಗಸರು ಎಲೆ ಎತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಿದ್ದರು. ಮಲ್ಲಿಗಮ್ಮ ಏಳಲಿಲ್ಲ.

“ಊದಿ ತಿನ್ಸಿ ಏಳಮ್ಮಿ! ನೀರು ಓಯ್ತಾ ಅದೆ!” ಗೌಡರು ಕೂಗಿದರು.

“ಐದು ವರ್ಸ ಆಯ್ತು ಬುದ್ಧಿ, ಊದಿ ತಿನ್ನಾದು ಇನ್ನೂ ಕಲ್ತಿಲ್ಲ ಇದು.”

ಶಿವಗಂಗಮ್ಮ ಇದ್ದಲ್ಲೇ ಮತ್ತೆ ಕೂತಳು. ಅವಳು ಕೂತದ್ದು ನೋಡಿ ಅವಳಾಚೆಯವಳೂ ಕೂತಳು. ನೋಡನೋಡುತ್ತಿದ್ದಂತೆ ಎದ್ದ ಸಾಲೆಲ್ಲ ಕೂತಿತು. ಗೌಡರ ಟೋಪಿಯೊಂದೇ ನಿಂತಿತ್ತು.

“ಏಳ್ತೀಯೋ ಇಲ್ವೋ?”

ಮಲ್ಲಿಗಮ್ಮ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಮುದ್ದೆಯಿಂದ ಹಬೆ ಏಳುತ್ತಲೇ ಇತ್ತು.

“ಏಳಾಕಿಲ್ಲ ಬುದ್ಧಿ. ಇನ್ನೂ ಸುಡ್ತದೆ. ಆರ್ಲಿ.”