ಪಕ್ಕದ ಮನೆಯ ರೇಡಿಯೊ

ಲಂಡನ್ನಿನ ಮೇಲೆ ಬೆಳಗಿನ ಜಾವ ಬಿದ್ದ ಬಾಂಬಿಗೆ ಮನೆ ಕುಸಿದು, ಅತ್ತೆ ಸೊಸೆ ಇಬ್ಬರೂ ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ ಸಿಕ್ಕಿಬಿದ್ದಿದ್ದರು. ಅವರಿಗೆ ಹೊತ್ತು ತಿಳಿಯುತ್ತಿದ್ದುದು ಪಕ್ಕದ ಮನೆಯ ರೇಡಿಯೊದಿಂದ. ಅವಶೇಷ ಅಗೆಯುವವರಿಗೆ ಬೇಸರವಾಗದಿರಲೆಂದು ಯಾರೋ ಪುಣ್ಯಾತ್ಮರು ಅದನ್ನು ಕಿಟಕಿಯಲ್ಲಿಟ್ಟು ಜೋರು ಮಾಡಿದ್ದರು. ಬೆಳಿಗ್ಗೆ ಅಡುಗೆಯ ಮಾತು, ಮಧ್ಯಾಹ್ನ ಕಾರ್ಖಾನೆಯವರಿಗಾಗಿ ಹಾಡು, ಸಂಜೆ ಮಕ್ಕಳ ಕತೆ. ಇಟ್ಟಿಗೆಚೂರಿನಿಂದ ನೀರಿನ ಕೊಳವೆಯನ್ನು ಬಡಿದೂ ಬಡಿದೂ ಸೊಸೆಯ ಕೈ ಸೋತಿತ್ತು. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಿರಲಿಲ್ಲ. ಈಗ ಉಸಿರಾಡುವುದೂ ಕಷ್ಟವಾಗುತ್ತಿತ್ತು.

“ಆ ರೇಡಿಯೊ ನಿಲ್ಲಿಸೋರು ಯಾರೂ ಇಲ್ವಾ, ಅತ್ತೆ?”

“ನಮ್ಮಿಬ್ಬರ ಜಗಳ ಕೇಳಿಸಬಾರದು ಅಂತ್ಲೇ ವರ್ಷದಿಂದ ಜೋರು ಮಾಡ್ಕೊಂಡಿದ್ದಾರೆ, ಇವತ್ತು ನಿಲ್ಲಿಸ್ತಾರಾ?”

ರೇಡಿಯೊದಲ್ಲಿ ರಾತ್ರಿಯ ವಾರ್ತೆಗೆ ಮುಂಚಿನ ಗಂಟೆ ಬಾರಿಸಿತು. ಅದಾದ ಮೇಲೆ, ಯುದ್ಧಕ್ಕೆ ಹೋದವರಿಗಾಗಿ ಎಲ್ಲರೂ ಒಂದು ನಿಮಿಷ ಮೌನವಾಗಿ ಪ್ರಾರ್ಥಿಸುವುದು ರೂಢಿ. ರೇಡಿಯೊ ಸುಮ್ಮನಾಯಿತು. ಮೇಲೆ ಗುದ್ದಲಿಗಳ ಸದ್ದೂ ನಿಂತಿತು.

“ಅಯ್ಯೋ, ನಮ್ಮನ್ನ ಬಿಟ್ಟು ಹೋದ್ರು!”

“ಎಲ್ಲೂ ಹೋಗಿಲ್ಲ ಕಣೇ, ಪ್ರಾರ್ಥನೆ ಮಾಡ್ತಿದ್ದಾರೆ. ನೀನೂ ಕಣ್ಣು ಮುಚ್ಚು.”

ಸೊಸೆ ಕಣ್ಣು ಮುಚ್ಚಲಿಲ್ಲ. ಕತ್ತಲೆಯಲ್ಲೇ ತಡಕಾಡಿ ಇಟ್ಟಿಗೆಚೂರು ಎತ್ತಿಕೊಂಡು ಬಡಿಯತೊಡಗಿದಳು.

“ಏನೇ ಇದು ಅನಾಚಾರ! ಹಡಗಿನ ಮೇಲಿರೋ ಗಂಡನಿಗೋಸ್ಕರ ಒಂದು ನಿಮಿಷ ಸುಮ್ಮನಿರೋಕಾಗಲ್ವಾ ನಿಂಗೆ?”

ಸೊಸೆ ಶಕ್ತಿಯಿದ್ದಷ್ಟೂ ಬಡಿದಳು.

ತಲೆಯ ಮೇಲಿನಿಂದಲೇ ಒಬ್ಬ ಗಂಡಸಿನ ಸಿಟ್ಟಿನ ದನಿ ಕೇಳಿಸಿತು: “ಯಾರ್ರೀ ಅದು, ಪ್ರಾರ್ಥನೆ ಹೊತ್ತಲ್ಲಿ ಸದ್ದು ಮಾಡ್ತಿರೋದು?”